ಬಾವುಟ ಬದಲಾದರೆ ಪೌರತ್ವ ಏನಾಗುತ್ತೆ? ಗೋವಾದ ಕತೆ, ನಮ್ಮೆಲ್ಲರ ಪ್ರಶ್ನೆ

ಒಬ್ಬ ಮನುಷ್ಯ ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಿ ನೆಲೆಸಿದರೆ ಅವನ ಪೌರತ್ವ ಬದಲಾಗಬಹುದು. ಇದು ಯಾರಿಗಾದರೂ ಅರ್ಥವಾಗುವ ಮಾತು. ಆದರೆ ಮನುಷ್ಯ ಇದ್ದಲ್ಲೇ ಇದ್ದು ದೇಶವೇ ಬದಲಾದರೆ? ಮನೆ ಅದೇ, ಬಾವಿ ಅದೇ, ಮಸೀದಿ, ಇಗರ್ಜಿ, ದೇವಸ್ಥಾನ ಎಲ್ಲ ಅವೇ. ಬೆಳಿಗ್ಗೆ ಎದ್ದು ನೋಡಿದರೆ ಸರ್ಕಾರಿ ಕಚೇರಿಯ ಮೇಲೆ ಹಾರುವ ಬಾವುಟ ಮಾತ್ರ ಬೇರೆ. ಆಗ ಆ ಮನೆಯಲ್ಲಿರುವವರು ಯಾವ ದೇಶದವರು? ಅವರ ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಪೋರ್ಟ್‌ಗೆ ಬೆಲೆ ಇದೆಯೋ ಇಲ್ಲವೋ? ಇದನ್ನು ತೀರ್ಮಾನ ಮಾಡುವವರು ಯಾರು, ಅವರನ್ನು ಕೇಳಿಯೋ ಕೇಳದೆಯೋ?

ಇದು ದೂರದ ಯಾವುದೋ ದೇಶದ ಪ್ರಶ್ನೆ ಅಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಇದು 1961ರಲ್ಲಿ ಎದ್ದಿತು. ಅರವತ್ತು ವರ್ಷ ಕಳೆದರೂ ಪೂರ್ತಿ ಮುಗಿದಿಲ್ಲ. ಮುಂಬೈ, ಪುಣೆಯಲ್ಲಿರುವ ನಮ್ಮ ಓದುಗರಿಗೆ ಗೋವಾದ ನೆರೆಹೊರೆಯವರು, ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. 'ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಲಂಡನ್‌ಗೆ ಹೋದ' ಅನ್ನುವ ಮಾತನ್ನೂ ಕೇಳಿರುತ್ತೀರಿ. ಅದು ಹೇಗೆ ಸಾಧ್ಯವಾಯಿತು, ಅದರಲ್ಲಿ ಏನು ಸಿಗುತ್ತೆ, ಏನು ಹೋಗುತ್ತೆ ಅನ್ನುವುದನ್ನು ಬಿಡಿಸಿ ನೋಡೋಣ. ನೋಡುತ್ತಾ ಹೋದರೆ ಅದೇ ಕಾನೂನಿನಲ್ಲಿ ನಮ್ಮ ಸಮುದಾಯದ ಹಳೆಯ ಕತೆಯೂ ಸಿಗುತ್ತದೆ.

ಒಂದೇ ದಿನದಲ್ಲಿ ಬದಲಾದ ದೇಶ

ಗೋವಾ ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಅಲ್ಬುಕರ್ಕ್ ಅದನ್ನು ಗೆದ್ದ ಮೇಲೆ ಸುಮಾರು 450 ವರ್ಷ ಪೋರ್ಚುಗೀಸರ ಆಳ್ವಿಕೆ ನಡೆಯಿತು. 1947ರಲ್ಲಿ ಬ್ರಿಟಿಷರು ಹೋದರು, ಪೋರ್ಚುಗೀಸರು ಹೋಗಲಿಲ್ಲ. ಲಿಸ್ಬನ್‌ನಲ್ಲಿ ಕೂತಿದ್ದ ಸಲಜಾರ್ ಸರ್ಕಾರ, ಗೋವಾ ವಸಾಹತು ಅಲ್ಲವೇ ಅಲ್ಲ, ಅದು ಪೋರ್ಚುಗಲ್ಲಿನದೇ ಒಂದು ಸಾಗರೋತ್ತರ ಪ್ರಾಂತ್ಯ ಎಂದು ವಾದಿಸಿತು. ಕಾರವಾರದ ಎದುರಿಗೆ ಸಮುದ್ರದಲ್ಲಿ ಕಾಣುವ ಅಂಜದೀವ್ ದ್ವೀಪವೂ ಆಗ ಪೋರ್ಚುಗೀಸರದೇ. ಕ್ಯಾಸಲ್‌ರಾಕ್ ರೈಲು ನಿಲ್ದಾಣ ಗಡಿಯ ನಿಲ್ದಾಣವಾಗಿತ್ತು. ಉತ್ತರ ಕನ್ನಡದವರಿಗೆ ಪರದೇಶ ಅಂದ್ರೆ ಘಟ್ಟದ ಸುರಂಗ ದಾಟಿದರೆ ಸಿಗುವ ಊರು.

1961ರ ಡಿಸೆಂಬರ್ 18ರಂದು ಭಾರತದ ಸೇನೆ ಒಳಗೆ ಹೋಯಿತು. ಮರುದಿನ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದರು. ಸಂವಿಧಾನದ 12ನೇ ತಿದ್ದುಪಡಿಯ ಪ್ರಕಾರ ಗೋವಾ, ದಮನ್, ದಿಯು 1961ರ ಡಿಸೆಂಬರ್ 20ರಿಂದ ಭಾರತದ ಕೇಂದ್ರಾಡಳಿತ ಪ್ರದೇಶ. ಈ ತಾರೀಖನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ನೆಲ ಭಾರತದ್ದಾಯಿತು. ಜನ? ನೆಲ ಬಂದ ಕೂಡಲೇ ಜನ ತಾವಾಗಿಯೇ ಪೌರರಾಗುವುದಿಲ್ಲ. ಅದಕ್ಕೆ ಬೇರೆ ಆದೇಶ ಬೇಕು. 1955ರ ಪೌರತ್ವ ಕಾಯ್ದೆಯ 7ನೇ ಸೆಕ್ಷನ್ ಇದಕ್ಕಾಗಿಯೇ ಇದೆ. ಯಾವುದಾದರೂ ಪ್ರದೇಶ ಹೊಸದಾಗಿ ಭಾರತಕ್ಕೆ ಸೇರಿದರೆ, ಅಲ್ಲಿನ ಯಾರ್ಯಾರು ಪೌರರು, ಯಾವತ್ತಿನಿಂದ ಪೌರರು ಎಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಬಹುದು. ಗೋವಾದ ಆದೇಶ ಹೊರಬಿದ್ದದ್ದು 1962ರ ಮಾರ್ಚ್ 28ರಂದು.

ಅದರ ಸಾರ ಇಷ್ಟು. 1961ರ ಡಿಸೆಂಬರ್ 20ಕ್ಕಿಂತ ಮೊದಲು ಗೋವಾ, ದಮನ್, ದಿಯುನಲ್ಲಿ ಹುಟ್ಟಿದವರು, ಅಥವಾ ಅಪ್ಪ-ಅಮ್ಮನಲ್ಲಿ ಒಬ್ಬರು, ಇಲ್ಲವೇ ಅಜ್ಜ-ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದ್ದರೆ ಅಂಥವರೆಲ್ಲ ಭಾರತದ ಪೌರರು. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಆದರೆ ಬೇಡ ಅನ್ನುವವರಿಗೆ ಒಂದು ಬಾಗಿಲು ಇಟ್ಟರು. ಒಂದು ತಿಂಗಳೊಳಗೆ 'ನನ್ನ ಹಳೆಯ ರಾಷ್ಟ್ರೀಯತೆಯನ್ನೇ ಉಳಿಸಿಕೊಳ್ಳುತ್ತೇನೆ' ಎಂದು ಲಿಖಿತವಾಗಿ ಕೊಟ್ಟರೆ ಅವರು ಭಾರತೀಯರಾಗುವುದಿಲ್ಲ.

ಒಂದು ತಿಂಗಳು! ಹಡಗಿನಲ್ಲಿ ಕೆಲಸಕ್ಕೆ ಹೋದವನು, ಆಫ್ರಿಕಾದಲ್ಲಿ ಅಂಗಡಿ ಇಟ್ಟವನು, ಕರಾಚಿಯಲ್ಲಿ ಗುಮಾಸ್ತನಾಗಿದ್ದವನು ಅಷ್ಟರೊಳಗೆ ಆದೇಶದ ಸುದ್ದಿ ಕೇಳಿ, ಯೋಚನೆ ಮಾಡಿ, ಕಾಗದ ಬರೆದು ಕಳಿಸುವುದು ಎಲ್ಲಿಂದ ಬಂತು? ಹೀಗಾಗಿ ಹೆಚ್ಚಿನವರು ಆಯ್ಕೆ ಮಾಡಿ ಭಾರತೀಯರಾದದ್ದಲ್ಲ, ಸುಮ್ಮನಿದ್ದು ಭಾರತೀಯರಾದರು. ಅದರಲ್ಲಿ ಅನೇಕರಿಗೆ ಸಂತೋಷವೇ ಇತ್ತು, ಜೈಲು ಕಂಡ ಗೋವಾ ಹೋರಾಟಗಾರರು ಬಯಸಿದ್ದೂ ಅದನ್ನೇ. ಆದರೆ ಕಾನೂನಿನ ದೃಷ್ಟಿಯಲ್ಲಿ ಮೌನವೇ ಸಮ್ಮತಿ ಆಯಿತು ಅನ್ನುವುದನ್ನು ಗಮನಿಸಬೇಕು.

ಕಾಗದ ಬರೆದುಕೊಟ್ಟ ಪಾದ್ರಿ

ಹಾಗೆ ಬರೆದುಕೊಟ್ಟವರ ಗತಿ ಏನಾಯಿತು? ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಮೊಕದ್ದಮೆ ಇದೆ. ಮಾನ್ಸಿನೊರ್ ಮೊಂತೇರೊ ಎಂಬ ಕ್ಯಾಥೊಲಿಕ್ ಪಾದ್ರಿ 1962ರ ಏಪ್ರಿಲ್ 27ರಂದು, ಅಂದ್ರೆ ಗಡುವು ಮುಗಿಯುವ ಹೊತ್ತಿಗೆ, ತಾನು ಪೋರ್ಚುಗೀಸನಾಗಿಯೇ ಇರುತ್ತೇನೆ ಎಂದು ಘೋಷಣೆ ಕೊಟ್ಟರು. ಅಲ್ಲಿಂದ ಅವರು ತಮ್ಮ ಹುಟ್ಟೂರಿನಲ್ಲೇ ವಿದೇಶಿ. ವಾಸಕ್ಕೆ ತಾತ್ಕಾಲಿಕ ಪರವಾನಗಿ ಕೊಟ್ಟರು. ಅದರ ಅವಧಿ 1964ರ ನವೆಂಬರ್ 13ಕ್ಕೆ ಮುಗಿಯಿತು. ಪಾದ್ರಿಗಳು ಅದನ್ನು ಮುಂದುವರಿಸಿ ಅಂತ ಕೇಳಲೂ ಇಲ್ಲ, ಊರು ಬಿಟ್ಟು ಹೋಗಲೂ ಇಲ್ಲ. ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ಆಗಿ ಶಿಕ್ಷೆಯಾಯಿತು.

ಅವರ ವಾದ ಕುತೂಹಲಕರವಾಗಿತ್ತು. ಗೋವಾ ಸೇನೆ ಆಕ್ರಮಿಸಿದ ಪ್ರದೇಶ, ಆಕ್ರಮಿತ ಪ್ರದೇಶದ ಜನರನ್ನು ಅವರ ಊರಿನಿಂದ ಹೊರಹಾಕಬಾರದು ಅಂತ ಜಿನೀವಾ ಒಪ್ಪಂದ ಹೇಳುತ್ತೆ, ಆದ್ದರಿಂದ ನನ್ನನ್ನು ಹೊರಗೆ ಕಳಿಸುವಂತಿಲ್ಲ. 1969ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರಿದ್ದ ಪೀಠ ಇದನ್ನು ಒಪ್ಪಲಿಲ್ಲ. ಸೈನಿಕ ಆಕ್ರಮಣ ಬೇರೆ, ವಿಲೀನ ಬೇರೆ. ಪ್ರದೇಶ ವಿಲೀನವಾಗಿ ಭಾರತದ ನೆಲವಾದ ಮೇಲೆ ಆಕ್ರಮಣದ ಸ್ಥಿತಿ ಮುಗಿಯಿತು, ಜಿನೀವಾ ಒಪ್ಪಂದದ ಆ ರಕ್ಷಣೆಯೂ ಅಲ್ಲಿಗೆ ಮುಗಿಯಿತು ಎಂದಿತು. ಆಯ್ಕೆಯ ಹಕ್ಕು ಕೊಟ್ಟಿದ್ದರು ನಿಜ. ಆದರೆ ಬೇಡ ಎಂದವನಿಗೆ ಹುಟ್ಟೂರಿನಲ್ಲಿ ಉಳಿಯುವ ಹಕ್ಕನ್ನು ಅದರ ಜೊತೆ ಕೊಟ್ಟಿರಲಿಲ್ಲ.

ಲಿಸ್ಬನ್‌ನ ರಿಜಿಸ್ಟರ್

ಇದು ಭಾರತದ ಕಡೆಯ ಕತೆ. ಪೋರ್ಚುಗಲ್ ಏನು ಮಾಡಿತು? ಹದಿಮೂರು ವರ್ಷ ಗೋವಾ ಕೈಬಿಟ್ಟು ಹೋಗಿದೆ ಅನ್ನುವುದನ್ನೇ ಒಪ್ಪಲಿಲ್ಲ. 1974ರ ಏಪ್ರಿಲ್‌ನಲ್ಲಿ ಅಲ್ಲಿ ಕ್ರಾಂತಿಯಾಗಿ ಸರ್ವಾಧಿಕಾರ ಬಿದ್ದ ಮೇಲೆ, ಅದೇ ವರ್ಷ ಡಿಸೆಂಬರ್ 31ರಂದು ಎರಡೂ ದೇಶ ಒಪ್ಪಂದಕ್ಕೆ ಸಹಿ ಹಾಕಿದವು. ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಮಾನ್ಯ ಮಾಡಿತು.

ಆದರೆ ನೆಲ ಬಿಟ್ಟುಕೊಟ್ಟ ಪೋರ್ಚುಗಲ್ ಜನರನ್ನು ಬಿಟ್ಟುಕೊಡಲಿಲ್ಲ. ಅದರ ಕಾನೂನಿನ ಪ್ರಕಾರ ಪೋರ್ಚುಗೀಸ್ ಆಡಳಿತದ ಕಾಲದಲ್ಲಿ ಗೋವಾ, ದಮನ್, ದಿಯುನಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೋರ್ಚುಗೀಸರು, ಈಗಲೂ. 1981ರ ಅಲ್ಲಿನ ರಾಷ್ಟ್ರೀಯತೆ ಕಾನೂನು ಹೊರದೇಶದಲ್ಲಿ ಹುಟ್ಟಿದ ಪೋರ್ಚುಗೀಸರ ಮಕ್ಕಳಿಗೂ ನೋಂದಣಿ ಮಾಡಿಸಿದರೆ ಆ ಹಕ್ಕು ಕೊಡುತ್ತದೆ. ದಾರಿ ಹೀಗೆ: ಮೊದಲು ಅಪ್ಪ ಅಥವಾ ಅಮ್ಮನ ಜನನವನ್ನು ಲಿಸ್ಬನ್‌ನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸಬೇಕು. ನಂತರ ಮಗನದೋ ಮಗಳದೋ. ಆಮೇಲೆ ಗುರುತಿನ ಚೀಟಿ, ಕೊನೆಗೆ ಪಾಸ್‌ಪೋರ್ಟ್. ಎರಡು ಪೌರತ್ವ ಇಟ್ಟುಕೊಳ್ಳುವುದಕ್ಕೆ ಪೋರ್ಚುಗಲ್‌ನ ಆಕ್ಷೇಪಣೆ ಇಲ್ಲ.

1986ರಲ್ಲಿ ಪೋರ್ಚುಗಲ್ ಯುರೋಪಿಯನ್ ಸಮುದಾಯಕ್ಕೆ ಸೇರಿದ ಮೇಲೆ ಈ ಹಳೆಯ ರಿಜಿಸ್ಟರ್‌ಗೆ ಹೊಸ ಬೆಲೆ ಬಂತು. ಆ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ನಿನಲ್ಲೂ ವೀಸಾ ಇಲ್ಲದೆ ಕೆಲಸ ಮಾಡಬಹುದಿತ್ತು. ಸ್ವಿಂಡನ್ ಪಟ್ಟಣದಲ್ಲಿ ಗೋವಾದವರು, ಲೆಸ್ಟರ್‌ನಲ್ಲಿ ದಮನ್-ದಿಯುದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದು ಹೀಗೆ. 2020ರ ಕೊನೆಗೆ ಬ್ರಿಟನ್ನಿನ ಆ ಬಾಗಿಲು ಮುಚ್ಚಿತು. ಅಷ್ಟರೊಳಗೆ ಅಲ್ಲಿ ನೆಲೆಸಿದವರು ಉಳಿದರು, ಹೊಸಬರಿಗೆ ಉಳಿದದ್ದು ಯುರೋಪಿನ ಮಿಕ್ಕ ದೇಶಗಳು.

ಒಂದು ಮಾತು ಸ್ಪಷ್ಟವಿರಲಿ. ಇದು ಧರ್ಮದ ಮೇಲೆ ಸಿಗುವ ಹಕ್ಕಲ್ಲ. ಗೋವಾದ ಕ್ರೈಸ್ತರಿಗೆ ಸಿಕ್ಕಷ್ಟೇ ಹಿಂದೂಗಳಿಗೂ ಮುಸ್ಲಿಮರಿಗೂ ಸಿಗುತ್ತದೆ. ದಿಯು, ದಮನ್‌ನ ಮುಸ್ಲಿಂ ಕುಟುಂಬಗಳಿಗೂ ಈ ದಾರಿ ತೆರೆದಿದೆ. ಆದರೆ 1961ರ ನಂತರ ಉತ್ತರ ಕರ್ನಾಟಕದಿಂದ ವಾಸ್ಕೊ, ಮಡಗಾಂವ್ ಕಡೆ ಕೂಲಿಗೆ ಹೋದ ನಮ್ಮವರ ಮಕ್ಕಳಿಗೆ, ಅವರು ಗೋವಾದಲ್ಲೇ ಹುಟ್ಟಿ ಬೆಳೆದಿದ್ದರೂ, ಇದು ಸಂಬಂಧಿಸಿದ್ದಲ್ಲ. 'ಮಾಡಿಸಿಕೊಡ್ತೀನಿ' ಅಂತ ದುಡ್ಡು ಕೇಳುವ ಏಜೆಂಟರ ಮಾತಿಗೆ ಮರುಳಾಗಬೇಡಿ.

ಒಂದು ಪಾಸ್‌ಪೋರ್ಟ್, ಎರಡು ಅರ್ಥ

ಈಗ ಗಂಟು ಎಲ್ಲಿದೆ ನೋಡಿ. ಪೋರ್ಚುಗಲ್ ಹೇಳುತ್ತೆ: ನೀನು ಹುಟ್ಟಿನಿಂದಲೇ ನಮ್ಮವನು, ನಾವು ಹೊಸದಾಗಿ ಏನೂ ಕೊಡುತ್ತಿಲ್ಲ, ಇದ್ದದ್ದನ್ನು ದಾಖಲು ಮಾಡುತ್ತಿದ್ದೇವೆ. ಭಾರತ ಹೇಳುತ್ತೆ: ನೀನು 1961ರಿಂದ ನಮ್ಮ ಪೌರ, ಈಗ ವಿದೇಶದ ಪೌರತ್ವ ಸ್ವಂತ ಇಚ್ಛೆಯಿಂದ ಪಡೆದಿದ್ದೀಯ, ಆದ್ದರಿಂದ ನಮ್ಮ ಪೌರತ್ವ ಹೋಯಿತು. ಒಂದೇ ಕಾಗದ. ಒಬ್ಬರಿಗೆ ಅದು ನೆನಪು, ಇನ್ನೊಬ್ಬರಿಗೆ ಅದು ರಾಜೀನಾಮೆ.

ಭಾರತದ ಮಾತಿಗೆ ಆಧಾರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ತಾನಾಗಿಯೇ ಕೊನೆಯಾಗುತ್ತದೆ. ಅದರ ಜೊತೆಗಿರುವ ನಿಯಮ ಇನ್ನೂ ಬಿಗಿ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿದ್ದರೆ ಅದೇ ಅಂತಿಮ ಸಾಕ್ಷಿ, ಬೇರೆ ಸಾಕ್ಷಿ ಬೇಕಿಲ್ಲ.

ಈ ನಿಯಮ ಎಲ್ಲಿ ಗಟ್ಟಿಯಾಯಿತು ಗೊತ್ತಾ? ಗೋವಾದ ಕ್ರೈಸ್ತರ ಮೊಕದ್ದಮೆಗಳಲ್ಲಿ ಅಲ್ಲ. ವಿಭಜನೆಯ ನಂತರ ಎರಡು ದೇಶಗಳ ನಡುವೆ ಸಿಕ್ಕಿಕೊಂಡ ಮುಸ್ಲಿಮರ ಮೊಕದ್ದಮೆಗಳಲ್ಲಿ. 1948ರಲ್ಲಿ ಪರ್ಮಿಟ್ ಪದ್ಧತಿ ಬಂತು, 1952ರಲ್ಲಿ ಭಾರತ-ಪಾಕಿಸ್ತಾನ ನಡುವೆ ಪಾಸ್‌ಪೋರ್ಟ್ ಬಂತು. ಗಲಭೆಗೆ ಹೆದರಿ, ಅಣ್ಣನನ್ನು ನೋಡಲು, ಕೆಲಸ ಹುಡುಕಿ ಆ ಕಡೆ ಹೋದವರು ವಾಪಸ್ ಮನೆಗೆ ಬರಬೇಕಾದರೆ ಕೈಯಲ್ಲಿ ಒಂದು ಪಾಸ್‌ಪೋರ್ಟ್ ಇರಬೇಕಾಗಿತ್ತು. ಸಿಗುತ್ತಿದ್ದದ್ದು ಪಾಕಿಸ್ತಾನದ್ದು. ಅದನ್ನು ಹಿಡಿದು ತಮ್ಮ ಊರಿಗೆ ಬಂದವರು ಇಲ್ಲಿ ವಿದೇಶಿಯರಾದರು.

ಇಝಾರ್ ಅಹ್ಮದ್ ಖಾನ್ ಮೊಕದ್ದಮೆಯಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಪಾಸ್‌ಪೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷ ಆಂಧ್ರ ಸರ್ಕಾರ ಮತ್ತು ಸೈಯದ್ ಮೊಹಮ್ಮದ್ ಖಾನ್ ನಡುವಿನ ಮೊಕದ್ದಮೆಯಲ್ಲಿ, ಪಾಸ್‌ಪೋರ್ಟ್ ಸಿಕ್ಕಿತು ಎಂದಮಾತ್ರಕ್ಕೆ ಪೊಲೀಸರು ಹೊರಹಾಕುವಂತಿಲ್ಲ, ಪೌರತ್ವ ಹೋಗಿದೆಯೋ ಇಲ್ಲವೋ ಎಂದು ಮೊದಲು ಕೇಂದ್ರ ಸರ್ಕಾರ ತೀರ್ಮಾನಿಸಬೇಕು ಎಂದಿತು. 1965ರಲ್ಲಿ ಮದ್ರಾಸಿನ ಮೊಹಮ್ಮದ್ ಅಯೂಬ್ ಖಾನ್ ಮೊಕದ್ದಮೆಯಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಬಲವಂತಕ್ಕೋ ಮೋಸಕ್ಕೋ ಸಿಕ್ಕಿ ಪಾಸ್‌ಪೋರ್ಟ್ ತೆಗೆದುಕೊಳ್ಳಬೇಕಾಯಿತು ಎಂದು ಹೇಳುವವನಿಗೆ ಅದನ್ನು ತೋರಿಸಿಕೊಡುವ ಅವಕಾಶ ಕೊಡಬೇಕು.

ನಮ್ಮ ಹಿರಿಯರು ಕೋರ್ಟಿನ ಮೆಟ್ಟಿಲು ಹತ್ತಿ ಪಡೆದ ಈ ರಕ್ಷಣೆ ಇವತ್ತು ಗೋವಾದ ಒಬ್ಬ ಕ್ರೈಸ್ತನಿಗೂ ಕೆಲಸಕ್ಕೆ ಬರುತ್ತದೆ. ಹಾಗೆಯೇ ಅವರ ವಿರುದ್ಧ ಬಂದ ಬಿಗಿ ನಿಯಮ ಅವನ ಕುತ್ತಿಗೆಗೂ ಬರುತ್ತದೆ. ಒಂದು ಸಮುದಾಯದ ಮೇಲೆ ಪ್ರಯೋಗಿಸಿದ ಕಾನೂನು ಆ ಸಮುದಾಯದಲ್ಲೇ ನಿಲ್ಲುವುದಿಲ್ಲ.

ಕೈತಪ್ಪುವುದು ಏನು?

ಪೋರ್ಚುಗೀಸ್ ಪಾಸ್‌ಪೋರ್ಟ್ ತೆಗೆದುಕೊಂಡ ಗೋವಾದವರು ಭಾರತದಲ್ಲಿ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಸಾಗರೋತ್ತರ ಭಾರತೀಯ ಕಾರ್ಡ್, ಅಂದ್ರೆ ಓಸಿಐ, ಸಿಕ್ಕರೆ ಬಂದುಹೋಗಲು, ಇರಲು ತೊಂದರೆ ಇಲ್ಲ. ಆದರೆ ಅದು ಪೌರತ್ವ ಅಲ್ಲ. ಆ ಕಾರ್ಡಿನ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ.

ಓಸಿಐ ಕಾರ್ಡ್‌ಗೆ ಹಳೆಯ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರ ಬೇಕು. ವಿದೇಶಿ ಪೌರತ್ವ ಬಂದ ಮೇಲೂ ಭಾರತೀಯ ಪಾಸ್‌ಪೋರ್ಟ್ ಬಳಸಿದ್ದರೆ ಅಧಿಕಾರಿಗಳು ಅದನ್ನು ಒಪ್ಪಿಸಿಕೊಳ್ಳುವ ಬದಲು ರದ್ದು ಮಾಡತೊಡಗಿದರು. ಒಪ್ಪಿಸಿದ ಪ್ರಮಾಣಪತ್ರ ಇಲ್ಲ, ಹಾಗಾಗಿ ಓಸಿಐ ಇಲ್ಲ. ಹೀಗೆ ನಡುವೆ ಸಿಕ್ಕಿಕೊಂಡವರು ಗೋವಾದಲ್ಲಿ ದೊಡ್ಡ ಗದ್ದಲ ಎಬ್ಬಿಸಿದ ಮೇಲೆ, 2024ರಲ್ಲಿ ರದ್ದತಿಯ ಪ್ರಮಾಣಪತ್ರವನ್ನೂ ಓಸಿಐಗೆ ಪರಿಗಣಿಸಬಹುದು ಎಂದು ಕೇಂದ್ರ ದಾರಿ ಮಾಡಿತು. ಬರಿಯ ಜನನ ನೋಂದಣಿ ಮಾಡಿಸಿ ಪಾಸ್‌ಪೋರ್ಟ್ ಪಡೆಯದೇ ಇದ್ದವರ ಸ್ಥಿತಿ ಏನು ಅನ್ನುವ ವಾದ ಗೋವಾದ ರಾಜಕೀಯದಲ್ಲೂ ಕೋರ್ಟುಗಳಲ್ಲೂ ಬಹಳ ಕಾಲದಿಂದ ನಡೆಯುತ್ತಲೇ ಇದೆ.

ಬೇರೆ ಕಡೆ ಹೇಗೆ ಮಾಡಿದರು?

ಗೋವಾದ ದಾರಿ ಒಂದೇ ದಾರಿ ಆಗಿರಲಿಲ್ಲ. ಪಾಂಡಿಚೇರಿಯನ್ನು ಫ್ರಾನ್ಸ್ ಮಾತುಕತೆಯಿಂದ ಬಿಟ್ಟುಕೊಟ್ಟಿತು. 1956ರಲ್ಲಿ ಸಹಿಯಾದ ಒಪ್ಪಂದ 1962ರ ಆಗಸ್ಟ್ 16ರಂದು ಜಾರಿಗೆ ಬಂತು. ಪೌರತ್ವದ ಆಯ್ಕೆಗೆ ಆರು ತಿಂಗಳು ಕೊಟ್ಟರು, ಅದೂ ಎರಡೂ ದೇಶ ಕೂತು ಒಪ್ಪಿದ ಷರತ್ತಿನ ಮೇಲೆ. ಅದಕ್ಕೇ ಇವತ್ತೂ ಅಲ್ಲಿ ಫ್ರೆಂಚ್ ಪಿಂಚಣಿ ಪಡೆಯುವ, ಫ್ರಾನ್ಸ್‌ನ ಚುನಾವಣೆಯಲ್ಲಿ ಮತ ಹಾಕುವ ತಮಿಳು ಕುಟುಂಬಗಳು ಗಲಾಟೆಯಿಲ್ಲದೆ ಬದುಕುತ್ತಿವೆ.

ಸಿಕ್ಕಿಂ 1975ರಲ್ಲಿ ಸೇರಿದಾಗ 'ಸಿಕ್ಕಿಂ ಪ್ರಜೆ' ಎಂಬ ಹಳೆಯ ರಿಜಿಸ್ಟರ್ ಆಧಾರವಾಯಿತು. ಅದರಲ್ಲಿ ಹೆಸರು ಬಿಟ್ಟುಹೋಗಿದ್ದವರ ಪ್ರಶ್ನೆಯನ್ನು ಸರಿಪಡಿಸಲು 1989ರವರೆಗೂ ಆದೇಶ ತಿದ್ದಬೇಕಾಯಿತು. ಅಂದ್ರೆ ಪಟ್ಟಿಯ ಮೇಲೆ ಪೌರತ್ವ ನಿಂತರೆ, ಪಟ್ಟಿ ಬರೆದವನ ತಪ್ಪಿಗೂ ಬಡವನೇ ದಂಡ ಕಟ್ಟಬೇಕು.

2015ರ ಜುಲೈ 31ರ ಮಧ್ಯರಾತ್ರಿ ಭಾರತ-ಬಾಂಗ್ಲಾದೇಶ 162 ಛಿದ್ರ ಪ್ರದೇಶಗಳನ್ನು ಅದಲುಬದಲು ಮಾಡಿಕೊಂಡವು. ಒಂದು ದೇಶದ ನಡುವೆ ಇನ್ನೊಂದು ದೇಶದ ತುಂಡುಗಳಾಗಿದ್ದ ಹಳ್ಳಿಗಳವು. ಅಲ್ಲಿನವರಿಗೆ ದಶಕಗಳ ಕಾಲ ಯಾವ ದೇಶದ ಶಾಲೆಯೂ ಆಸ್ಪತ್ರೆಯೂ ಸರಿಯಾಗಿ ಸಿಕ್ಕಿರಲಿಲ್ಲ. ಈ ಬಾರಿ ಅಧಿಕಾರಿಗಳೇ ಮನೆಮನೆಗೆ ಹೋಗಿ ಯಾವ ದೇಶ ಬೇಕು ಎಂದು ಕೇಳಿ ಬರೆದುಕೊಂಡರು. ಹೆಚ್ಚಿನವರು ಹೇಳಿದ್ದು ಒಂದೇ: ನಮ್ಮ ಮನೆ ಇಲ್ಲಿದೆ, ಈ ಮನೆ ಯಾವ ದೇಶಕ್ಕೆ ಸೇರುತ್ತೋ ನಾವೂ ಅದಕ್ಕೆ.

ಹೈದರಾಬಾದಿನ ಓದುಗರೂ, ಕಲಬುರ್ಗಿ, ಬೀದರ್, ರಾಯಚೂರಿನ ಮೂಲದವರೂ ಒಂದು ವಿಷಯ ನೆನೆಯಬಹುದು. 1948ರಲ್ಲಿ ನಿಜಾಮರ ರಾಜ್ಯ ಸೇರಿದಾಗ ಆಯ್ಕೆಯ ಆದೇಶ ಯಾವುದೂ ಬರಲಿಲ್ಲ. 1950ರ ಜನವರಿ 26ಕ್ಕೆ ಮುಂಚೆಯೇ ಸೇರಿದ್ದರಿಂದ ಸಂವಿಧಾನದ 5ನೇ ವಿಧಿ ಅಲ್ಲಿ ನೆಲೆಸಿದ್ದವರನ್ನೆಲ್ಲ ಪೌರರನ್ನಾಗಿ ಮಾಡಿತು. ಪಾಕಿಸ್ತಾನಕ್ಕೆ ವಲಸೆ ಹೋಗಿದ್ದವರ ಮೇಲೆ ಮಾತ್ರ 7ನೇ ವಿಧಿ ಕೂತಿತು.

ಅರವತ್ತು ವರ್ಷದ ನಂತರ ಮತ್ತೊಂದು ಬಾಗಿಲು

2024ರ ಆಗಸ್ಟ್‌ನಲ್ಲಿ ಗೋವಾದಲ್ಲಿ ಒಂದು ಸುದ್ದಿ ಬಂತು. ವಿಮೋಚನೆಗೂ ಮೊದಲೇ ಗೋವಾ ಬಿಟ್ಟು ಪಾಕಿಸ್ತಾನಕ್ಕೆ ಹೋಗಿ, ಅಲ್ಲಿನ ಪೌರತ್ವ ಪಡೆದು, ವಯಸ್ಸಾದ ಮೇಲೆ ಹುಟ್ಟೂರಿಗೆ ಬಂದು ನೆಲೆಸಿದ್ದ ಒಬ್ಬ ಕ್ರೈಸ್ತ ಹಿರಿಯರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಭಾರತದ ಪೌರತ್ವ ಸಿಕ್ಕಿತು. ಹುಟ್ಟಿದ ಮಣ್ಣಿನಲ್ಲಿ ಕೊನೆಯ ದಿನಗಳನ್ನು ನೆಮ್ಮದಿಯಿಂದ ಕಳೆಯಲು ಒಬ್ಬ ಮನುಷ್ಯನಿಗೆ ಅವಕಾಶವಾಯಿತು ಅನ್ನುವುದಕ್ಕೆ ಸಂತೋಷಪಡಲೇಬೇಕು.

ಆದರೆ ಆ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಅದೇ ಗೋವಾದಲ್ಲಿ ಹುಟ್ಟಿ, ಅದೇ ಹಡಗು ಹತ್ತಿ ಕರಾಚಿಗೆ ಹೋಗಿ, ಅದೇ ರೀತಿ ವಾಪಸ್ ಬಂದವನ ಹೆಸರು ಅಬ್ದುಲ್ಲಾ ಆಗಿದ್ದರೆ ಈ ಬಾಗಿಲು ಇಲ್ಲ. ಒಮ್ಮೆ ಪಾಕಿಸ್ತಾನದ ಪೌರನಾಗಿದ್ದವನಿಗೆ ಓಸಿಐ ಕಾರ್ಡ್ ಕೂಡ ಕೊಡುವುದಿಲ್ಲ. 1962ರ ಗೋವಾ ಆದೇಶ ಕೇಳಿದ್ದು 'ನೀನು, ನಿನ್ನ ಅಪ್ಪ-ಅಮ್ಮ, ಅಜ್ಜ-ಅಜ್ಜಿ ಎಲ್ಲಿ ಹುಟ್ಟಿದ್ದು' ಎಂಬ ಒಂದೇ ಪ್ರಶ್ನೆ. ಇಂದಿನ ಕಾನೂನು ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿದೆ. ಬದಲಾದದ್ದು ಎಲ್ಲಿ ಅನ್ನುವುದನ್ನು ವಿದ್ಯಾರ್ಥಿಗಳು ಈ ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿ ನೋಡಬೇಕು.

ನೆನಪಿಡಬೇಕಾದ್ದು

ಯಾವುದೇ ಪ್ರದೇಶದ ಬಾವುಟ ಬದಲಾದ ಸುದ್ದಿ ಓದುವಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ತಾರೀಖಿನ ಮೇಲೆ ಪೌರತ್ವ ನಿಂತಿದೆ? ಆಯ್ಕೆಗೆ ಎಷ್ಟು ಸಮಯ ಕೊಟ್ಟರು, ಸುಮ್ಮನಿದ್ದವರು ಯಾವ ಕಡೆಗೆ ಸೇರಿದರು? ಹಳೆಯ ದೇಶ ಅವರನ್ನು ಇನ್ನೂ ತನ್ನವರೆನ್ನುತ್ತದೆಯೇ? ಆಯ್ಕೆ ಮಾಡಿದವರಿಗೆ ಹುಟ್ಟೂರಿನಲ್ಲಿ ಉಳಿಯುವ ಹಕ್ಕು ಇದೆಯೇ? ಗೋವಾ, ಪಾಂಡಿಚೇರಿ, ಸಿಕ್ಕಿಂ ನಡುವಿನ ವ್ಯತ್ಯಾಸವೆಲ್ಲ ಈ ನಾಲ್ಕರೊಳಗೆ ಬರುತ್ತದೆ.

ಪ್ರತಿಯೊಬ್ಬ ಮನುಷ್ಯನಿಗೂ ಒಂದು ರಾಷ್ಟ್ರೀಯತೆಯ ಹಕ್ಕಿದೆ, ಅದನ್ನು ಮನಬಂದಂತೆ ಕಸಿಯಬಾರದು ಎಂದು 1948ರ ಮಾನವ ಹಕ್ಕುಗಳ ಘೋಷಣೆಯ 15ನೇ ವಿಧಿ ಹೇಳುತ್ತದೆ. ನೆಲ ಕೈಬದಲಾಗುವಾಗ ಯಾರೂ ದೇಶವಿಲ್ಲದವರಾಗಬಾರದು ಎಂದು 1961ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುತ್ತದೆ. ಭಾರತ ಇನ್ನೂ ಅದಕ್ಕೆ ಸಹಿ ಹಾಕಿಲ್ಲ.

ಕೊನೆಗೆ ಮನೆಮಾತು. ನಮ್ಮಲ್ಲಿ ಅನೇಕರ ಹಿರಿಯರು ಒಂದು ರಾಜ್ಯದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಓದಿ, ಮತ್ತೊಂದರಲ್ಲಿ ದುಡಿದವರು. ಜನನ ಪತ್ರ, ಶಾಲೆಯ ದಾಖಲೆ, ಜಮೀನಿನ ಪಹಣಿ, ಹಳೆಯ ಪಾಸ್‌ಪೋರ್ಟ್ ಇವುಗಳನ್ನು ಒಂದು ಕಡೆ ಇಡಿ, ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಗಲ್ಫ್‌ನಲ್ಲೋ ಯುರೋಪಿನಲ್ಲೋ ಇರುವ ಮಕ್ಕಳು ಬೇರೆ ದೇಶದ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮೊದಲು, ಅದು ಕೈಗೆ ಬಂದ ದಿನವೇ ಭಾರತದ ಪೌರತ್ವ ಹೋಗುತ್ತದೆ ಅನ್ನುವುದನ್ನು ತಿಳಿದೇ ಹಾಕಲಿ. ನಂತರ ಹಳೆಯ ಪಾಸ್‌ಪೋರ್ಟ್‌ನ್ನು ಬಳಸದೆ ತಕ್ಷಣ ಒಪ್ಪಿಸಲಿ. ಗೋವಾದ ನೂರಾರು ಕುಟುಂಬಗಳು ಸಿಕ್ಕಿಕೊಂಡದ್ದು ಈ ಸಣ್ಣ ಹೆಜ್ಜೆ ತಪ್ಪಿದ್ದಕ್ಕೇ.